ಎಂಜಿನ್ ಆಯಿಲ್ ಅನ್ನು ಮನೆಯಲ್ಲೇ ಹೀರುಪಂಪಿನಿಂದ ಬದಲಾಯಿಸುವುದು ಸರಿಯೇ?

ಪ್ರಶ್ನೆ – ಬನಶಂಕರಿಯಿಂದ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2016ರ ಪೆಟ್ರೋಲ್ ಸ್ವಿಫ್ಟ್ ಕಾರು ಇದೆ. ವಾರಂಟಿ ಮುಗಿದು ಹಲವು ವರ್ಷಗಳಾದವು. ಪ್ರತಿದಿನ ಸಿಲ್ಕ್ ಬೋರ್ಡ್ ದಾಟಿ ಕಚೇರಿಗೆ ಹೋಗಿಬರುವವನು ನಾನು; ಹೀಗಾಗಿ ಮೀಟರು ತೋರಿಸುವ ಕಿಲೋಮೀಟರು ಕಡಿಮೆಯಾದರೂ ಎಂಜಿನ್ ನಿಂತಲ್ಲೇ ಉರಿಯುವ ಗಂಟೆಗಳು ಬಹಳ. ಈ ಕಾರಣಕ್ಕೆ 10,000 ಕಿಲೋಮೀಟರು ಅಥವಾ ಒಂದು ವರ್ಷ ಎಂಬ ಕಂಪನಿಯ ಲೆಕ್ಕಕ್ಕೆ ಕಾಯದೆ, ಎಂಟು ತಿಂಗಳಿಗೊಮ್ಮೆ ಆಯಿಲ್ ಬದಲಾಯಿಸುವ ರೂಢಿ ಇಟ್ಟುಕೊಂಡಿದ್ದೇನೆ.

ಕಳೆದ ಬಾರಿ ಒಂದು ವರ್ಕ್‌ಶಾಪಿನಲ್ಲಿ ಕೆಲಸದ ಹುಡುಗ ಡ್ರೇನ್ ಬೋಲ್ಟನ್ನು (ಹಳೆಯ ಆಯಿಲ್ ಹರಿಸಲು ಎಂಜಿನ್ನಿನ ತಳದಲ್ಲಿರುವ ಬೋಲ್ಟು) ಉದ್ದನೆಯ ಹಿಡಿ ಹಾಕಿ ಬಿಗಿದ ಪರಿಣಾಮವಾಗಿ ಅದರ ಮರೆ (ತಿರುಪಿನ ಸುತ್ತುಗೆರೆ) ಸವೆದು, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನನ್ನ ಜಾಗದ ನೆಲದ ಮೇಲೆ ದಿನಕ್ಕೆ ನಾಲ್ಕಾರು ಹನಿ ಆಯಿಲ್ ಬೀಳತೊಡಗಿತು. ಬೇರೊಬ್ಬ ಮೆಕ್ಯಾನಿಕ್ ಸೀಲಿಂಗ್ ಟೇಪು ಸುತ್ತಿ, ಹೊಸ ವಾಷರ್ ಹಾಕಿ ಸೋರಿಕೆಯನ್ನು ನಿಲ್ಲಿಸಿದ್ದಾರೆ. ಜೊತೆಗೆ "ಸರ್, ಇನ್ನು ಇದನ್ನು ಆದಷ್ಟು ಮುಟ್ಟಬೇಡಿ" ಎಂಬ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಮುಟ್ಟದೆ ಆಯಿಲ್ ಬದಲಾಯಿಸುವುದು ಹೇಗೆ ಎಂದು ಯೋಚಿಸುತ್ತಿದ್ದಾಗ, ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ಕೊಳವೆಯ ಮೂಲಕ ಸಣ್ಣ ಪೈಪು ಇಳಿಸಿ ಹಳೆಯ ಆಯಿಲನ್ನು ಮೇಲಿನಿಂದಲೇ ಎಳೆದುಕೊಳ್ಳುವ ಪಂಪುಗಳಿವೆ ಎಂದು ತಿಳಿಯಿತು.

ನನ್ನ ಸಂದೇಹಗಳು ಇಷ್ಟು. ಈ ವಿಧಾನದಲ್ಲಿ ಹಳೆಯ ಆಯಿಲ್ ಪೂರ್ತಿಯಾಗಿ ಹೊರಬರುತ್ತದೆಯೇ? ತಳದಲ್ಲಿ ಕೂತಿರುವ ಗಸಿ ಹಾಗೆಯೇ ಉಳಿದುಬಿಡುವುದಿಲ್ಲವೇ? ಕೈಯಿಂದ ಒತ್ತುವ ಪಂಪು ಒಳ್ಳೆಯದೋ, ಬ್ಯಾಟರಿಗೆ ಜೋಡಿಸುವ 12 ವೋಲ್ಟಿನ ಪಂಪು ಒಳ್ಳೆಯದೋ? ಹೊರತೆಗೆದ ಆಯಿಲನ್ನು ಬೆಂಗಳೂರಿನಲ್ಲಿ ಯಾರಿಗೆ ಕೊಡಬೇಕು? ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ – ವಿದ್ಯಾರಣ್ಯಪುರದಿಂದ

ನಾನು ನಾಲ್ಕು ವರ್ಷಗಳಿಂದ ಕೈಪಂಪಿನಿಂದಲೇ ಆಯಿಲ್ ಬದಲಾಯಿಸುತ್ತಿದ್ದೇನೆ. ನನ್ನ ಪಂಪು ಆರು ಲೀಟರ್ ಹಿಡಿಯುವ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಕೂತಿರುತ್ತದೆ. ಹಿಡಿಯನ್ನು ಹದಿನೈದಿಪ್ಪತ್ತು ಸಲ ಎಳೆದೊತ್ತಿದರೆ ಡಬ್ಬಿಯೊಳಗಿನ ಗಾಳಿ ಹೊರಹೋಗಿ, ಆಯಿಲ್ ತಾನಾಗಿಯೇ ಬಂದು ತುಂಬಿಕೊಳ್ಳುತ್ತದೆ. ಡಬ್ಬಿಯ ಮೇಲೆ ಲೀಟರಿನ ಗುರುತುಗಳಿರುವುದರಿಂದ ಎಷ್ಟು ಹೊರಬಂತೆಂಬುದು ಕಣ್ಣಿಗೇ ಕಾಣುತ್ತದೆ. ಈ ಗುರುತುಗಳೇ ಈ ಕೆಲಸದ ಜೀವಾಳ. ಏಕೆಂದು ನನ್ನ ಮೊದಲ ಪ್ರಯತ್ನದ ಕಥೆಯಿಂದಲೇ ಹೇಳುತ್ತೇನೆ.

ಅಂದು ಪೈಪನ್ನು ಇಳಿಸುತ್ತಾ ಹೋದೆ. ತಳ ತಾಗಿತೆನಿಸಿದ ಮೇಲೂ "ಇನ್ನಷ್ಟು ಆಳಕ್ಕೆ ಹೋಗಲಿ" ಎಂದು ಒಂದು ಗೇಣು ಹೆಚ್ಚಾಗಿ ತಳ್ಳಿದೆ. ಒಳಗೆ ಪೈಪು ಬಾಗಿ, ಅದರ ತುದಿ ಆಯಿಲ್ ಮಟ್ಟದಿಂದ ಮೇಲಕ್ಕೆ ಎದ್ದಿರಬೇಕು. ಎರಡು ಲೀಟರ್ ಬರುವಷ್ಟರಲ್ಲಿ ಗೊರಗೊರ ಸದ್ದು ಶುರುವಾಯಿತು. ಖಾಲಿಯಾಯಿತೆಂದು ತಿಳಿದು ಹೊಸ ಆಯಿಲನ್ನು ಪೂರ್ತಿ ಅಳತೆಯಷ್ಟು ಸುರಿದೆ. ಡಿಪ್‌ಸ್ಟಿಕ್ ನೋಡಿದರೆ ಮೇಲಿನ ಗುರುತನ್ನು ಮೀರಿ ಎರಡು ಬೆರಳಿನಷ್ಟು ಆಯಿಲ್! ಹೀಗೆ ಅತಿಯಾಗಿ ತುಂಬಿದ ಎಂಜಿನ್ನನ್ನು ಓಡಿಸಿದರೆ ತಿರುಗುವ ಕ್ರ್ಯಾಂಕ್ ಆಯಿಲಿಗೆ ಬಡಿದು ನೊರೆ ಏಳುತ್ತದೆ, ನೊರೆ ತುಂಬಿದ ಆಯಿಲ್ ಬೇರಿಂಗುಗಳನ್ನು ಸರಿಯಾಗಿ ಕಾಯುವುದಿಲ್ಲ. ಕೊನೆಗೆ ಅದೇ ಪಂಪಿನಿಂದ ಹೆಚ್ಚುವರಿಯನ್ನು ತೆಗೆಯಬೇಕಾಯಿತು, ಅದರೊಂದಿಗೆ ಹೊಸ ಆಯಿಲಿಗೆ ಕೊಟ್ಟ ದುಡ್ಡೂ ಡಬ್ಬಿ ಸೇರಿತು.

ಈಗ ನಾನು ಪಾಲಿಸುವ ಕ್ರಮವೇ ಬೇರೆ. ಡಿಪ್‌ಸ್ಟಿಕ್ಕನ್ನು ಹೊರತೆಗೆದು ಪೈಪಿನ ಪಕ್ಕದಲ್ಲಿ ಹಿಡಿದು, ಅದರ ಉದ್ದಕ್ಕೆ ಸರಿಯಾಗಿ ಪೈಪಿನ ಮೇಲೆ ಬಣ್ಣದ ಟೇಪು ಅಂಟಿಸುತ್ತೇನೆ. ಆ ಗುರುತು ದಾಟಿ ಸ್ವಲ್ಪ ಇಳಿದಾಗ ತುದಿ ತಳಕ್ಕೆ ತಾಗುವುದು ಕೈಗೆ ತಿಳಿಯುತ್ತದೆ. ಅಲ್ಲಿಂದ ಎರಡು ಮೂರು ಮಿಲಿಮೀಟರ್ ಮೇಲೆತ್ತುತ್ತೇನೆ. ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿಕೊಂಡರೆ ಅದು ತಳಕ್ಕೆ ಅಂಟಿಕೊಂಡು ಬಾಯಿ ಮುಚ್ಚಿಕೊಳ್ಳುವುದಿಲ್ಲ. ಗೊರಗೊರ ಸದ್ದು ಬಂದ ಮೇಲೆ ಪೈಪನ್ನು ಸ್ವಲ್ಪ ಮೇಲೆ ಕೆಳಗೆ ಆಡಿಸಿ, ತಿರುಗಿಸಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಎಳೆಯುತ್ತೇನೆ. ಮೇಲಿನ ಭಾಗಗಳಿಂದ ಇಳಿದುಬಂದ ಇನ್ನೊಂದು ಲೋಟದಷ್ಟು ಆಯಿಲ್ ಪ್ರತಿ ಸಲವೂ ಸಿಗುತ್ತದೆ.

ಎಂಜಿನ್ನನ್ನು ಬಿಸಿ ಮಾಡಲು ನೆಲಮಾಳಿಗೆಯಲ್ಲಿ ಚಾಲೂ ಮಾಡಿ ನಿಲ್ಲಿಸಬೇಡಿ, ಅಲ್ಲಿ ಹೊಗೆ ಹೊರಹೋಗಲು ದಾರಿ ಇರುವುದಿಲ್ಲ. ಹಾಲು ತರುವ ನೆಪದಲ್ಲಾದರೂ ಹತ್ತು ನಿಮಿಷ ಒಂದು ಸುತ್ತು ಹೋಗಿಬಂದು, ಆಮೇಲೆ ಕಾಲು ಗಂಟೆ ಆರಲು ಬಿಡಿ. ತೀರ ಕುದಿಯುವ ಆಯಿಲಿನಲ್ಲಿ ಸಾಧಾರಣ ಪ್ಲಾಸ್ಟಿಕ್ ಪೈಪು ಮೆತ್ತಗಾಗಿ ಚಪ್ಪಟೆಯಾಗುತ್ತದೆ, ಕೈಯೂ ಸುಡುತ್ತದೆ.

ನನ್ನ ಕಾರಿನಲ್ಲಿ ಆಯಿಲನ್ನು ಸೋಸುವ ಫಿಲ್ಟರ್ ಬಾನೆಟ್ ತೆರೆದ ಕೂಡಲೇ ಮೇಲ್ಗಡೆಯೇ ಇದೆ ಎಂಬುದನ್ನೂ ಹೇಳಬೇಕು. ತಮ್ಮ ಕಾರಿನಲ್ಲಿ ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಿ.

ಉತ್ತರ – ರಾಜಾಜಿನಗರದಿಂದ

ಮೂವತ್ತು ವರ್ಷ ಗ್ಯಾರೇಜ್ ನಡೆಸಿ ಈಗ ವಿಶ್ರಾಂತಿಯಲ್ಲಿರುವವನು ನಾನು. ಮೇಲಿನವರು ಕೊನೆಯ ಎರಡು ಸಾಲಿನಲ್ಲಿ ಹೇಳಿ ಮುಗಿಸಿದ ಮಾತೇ ನಿಜವಾಗಿ ಮೊದಲು ಬರಬೇಕಾದದ್ದು. ಮರ್ಸಿಡಿಸ್-ಬೆಂಜ್ ಕಾರುಗಳ ಅನೇಕ ಎಂಜಿನ್ನುಗಳಲ್ಲಿ ಫಿಲ್ಟರ್ ಮೇಲಿರುವುದರಿಂದಲೇ ಅವುಗಳ ವರ್ಕ್‌ಶಾಪುಗಳಲ್ಲಿ ಆಯಿಲನ್ನು ಹೀರಿ ತೆಗೆಯುವ ಪದ್ಧತಿ ಬಹಳ ಹಿಂದಿನಿಂದ ಇದೆ. ಮೊದಲ ತಲೆಮಾರಿನ ಸ್ಮಾರ್ಟ್ ಎಂಬ ಪುಟ್ಟ ಕಾರಿಗಂತೂ ಡ್ರೇನ್ ಬೋಲ್ಟೇ ಇರಲಿಲ್ಲ. ಆದ್ದರಿಂದ ಪಂಪಿನ ವಿಧಾನವೇ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ತಮ್ಮ ಸ್ವಿಫ್ಟಿನಲ್ಲಿ ಫಿಲ್ಟರ್ ಕೆಳಭಾಗದಲ್ಲಿದೆ. ಆಯಿಲನ್ನು ಮೇಲಿನಿಂದ ತೆಗೆದರೂ ಫಿಲ್ಟರಿಗಾಗಿ ಕಾರಿನ ಕೆಳಗೆ ಹೋಗಲೇಬೇಕು. ಕೆಳಗೆ ಹೋಗುವ ಶ್ರಮ ತಪ್ಪಲಿ ಎಂದು ಪಂಪು ಕೊಳ್ಳುವವರು, ಕೆಳಗೆ ಹೋಗಲು ಬೇಸರಪಟ್ಟು ಹಳೆಯ ಫಿಲ್ಟರನ್ನೇ ಇನ್ನೊಂದು ವರ್ಷ ಓಡಿಸುವುದನ್ನು ನಾನು ಬಹಳ ಕಂಡಿದ್ದೇನೆ.

ನಾವು ಗ್ಯಾರೇಜಿನಲ್ಲಿ ಎಂಜಿನ್ನಿನ ಆಯಿಲ್ ತೊಟ್ಟಿಯನ್ನು 'ಚೇಂಬರ್' ಎನ್ನುತ್ತೇವೆ. ಪುಸ್ತಕದಲ್ಲಿ ಅದಕ್ಕೆ 'ಸಂಪ್' ಎಂದಿದ್ದರೂ ಬೆಂಗಳೂರಿನಲ್ಲಿ ಸಂಪ್ ಎಂದರೆ ಕಾವೇರಿ ನೀರು ತುಂಬುವ ತೊಟ್ಟಿಯೇ ನೆನಪಿಗೆ ಬರುತ್ತದೆ. ಚೇಂಬರಿನ ಬೋಲ್ಟ್ ಬಿಚ್ಚುವುದರಿಂದ ಒಂದು ಲಾಭವಿದೆ. ಹರಿದು ಬೀಳುವ ಆಯಿಲಿನಲ್ಲಿ ಲೋಹದ ಚೂರು ಹೊಳೆಯುತ್ತಿದೆಯೇ, ಬೋಲ್ಟಿನ ತುದಿಗೆ ಕಬ್ಬಿಣದ ಪುಡಿ ಅಂಟಿದೆಯೇ, ಗೇರ್‌ಬಾಕ್ಸಿನ ಕಡೆಯಿಂದ ಎಲ್ಲಾದರೂ ತೇವವಿದೆಯೇ, ಆಕ್ಸಲಿನ ರಬ್ಬರ್ ಬೂಟು ಹರಿದಿದೆಯೇ ಎಂಬುದೆಲ್ಲ ಆ ಐದು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ. ಬಾನೆಟ್ ಮೇಲೆ ಬಾಗಿ ನಿಂತವರಿಗೆ ಇದಾವುದೂ ಕಾಣದು.

ತಮ್ಮ ಮುಖ್ಯ ತೊಂದರೆ ಸವೆದ ಮರೆ. ಟೇಪು ಸುತ್ತಿ ನಿಲ್ಲಿಸಿದ ಸೋರಿಕೆಯನ್ನು ನಂಬಿ ನೈಸ್ ರಸ್ತೆಯಲ್ಲಿ ವೇಗವಾಗಿ ಹೋಗಬೇಡಿ. ಬೋಲ್ಟ್ ಕಳಚಿ ಬಿದ್ದರೆ ಎಂಜಿನ್ ಹಾಳಾಗಲು ಒಂದೆರಡು ನಿಮಿಷ ಸಾಕು. ಲೇತ್ ಕೆಲಸದವರು ಅಥವಾ ಒಳ್ಳೆಯ ಗ್ಯಾರೇಜಿನವರು ಮರೆಯನ್ನು ಮತ್ತೆ ಕೊರೆದು ಉಕ್ಕಿನ ಸುರುಳಿ ಕೂರಿಸಿಕೊಡುತ್ತಾರೆ, ಅದಾಗದಿದ್ದರೆ ಚೇಂಬರನ್ನೇ ಬದಲಾಯಿಸಬಹುದು. ಬೋಲ್ಟನ್ನು ಪ್ರತಿ ಸಲವೂ ಹೊಸ ವಾಷರಿನೊಂದಿಗೆ, ಕೈಪಿಡಿಯಲ್ಲಿ ಬರೆದಷ್ಟೇ ಬಿಗಿಯಾಗಿ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಕೂರಿಸಿದರೆ ಈ ಪಾಡು ಯಾವ ಕಾರಿಗೂ ಬರುವುದಿಲ್ಲ.

ಫಿಲ್ಟರಿಗಾಗಿ ಕೆಳಗೆ ಹೋಗುವಾಗ ಸ್ಟೆಪ್ನಿಯೊಂದಿಗೆ ಬರುವ ಜಾಕನ್ನು ಮಾತ್ರ ನಂಬಿ ದಯವಿಟ್ಟು ತಲೆ ತೂರಿಸಬೇಡಿ. ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಕೊಡಿ, ಇಲ್ಲವೇ ಚಕ್ರ ಹತ್ತಿಸುವ ಇಳಿಜಾರು ಮೆಟ್ಟಿಲುಗಳನ್ನು ಬಳಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ.

ಮರುಪ್ರಶ್ನೆ – ಬನಶಂಕರಿಯಿಂದ

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಟಾರ್ಚ್ ಹಿಡಿದು ನೋಡಿದೆ. ಹಿರಿಯರು ಹೇಳಿದಂತೆ ಫಿಲ್ಟರ್ ಕೆಳಗಡೆಯೇ ಇದೆ. ಚೇಂಬರಿನ ದುರಸ್ತಿಗೆ ಕಾರನ್ನು ಎರಡು ದಿನ ಬಿಡಬೇಕಾಗುತ್ತದೆ, ಮುಂದಿನ ತಿಂಗಳವರೆಗೆ ಅದು ಸಾಧ್ಯವಿಲ್ಲ. ಆಯಿಲಿನ ಅವಧಿ ಮಾತ್ರ ಈಗಲೇ ಮುಗಿದಿದೆ. ಆದ್ದರಿಂದ ಈ ಒಂದು ಸಲಕ್ಕಾದರೂ ಆಯಿಲನ್ನು ಮೇಲಿನಿಂದ ತೆಗೆದು, ಫಿಲ್ಟರನ್ನು ಕೆಳಗಿನಿಂದ ಬದಲಾಯಿಸಿ, ಬೋಲ್ಟನ್ನು ಮುಟ್ಟದೆ ಬಿಡೋಣವೆಂದುಕೊಂಡಿದ್ದೇನೆ. ತಳದ ಗಸಿಯ ಬಗ್ಗೆ ಮತ್ತು ವಿದ್ಯುತ್ ಪಂಪಿನ ಬಗ್ಗೆ ಯಾರಾದರೂ ವಿವರಿಸುವಿರಾ?

ಉತ್ತರ – ಬಸವನಗುಡಿಯಿಂದ

ಎಂಜಿನಿಯರಿಂಗ್ ಕಾಲೇಜಿನಲ್ಲಿ ದ್ರವಗಳ ಚಲನೆಯನ್ನು ಪಾಠ ಮಾಡುವವನಾದ್ದರಿಂದ ಗಸಿಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇಂದಿನ ಎಂಜಿನ್ ಆಯಿಲಿನಲ್ಲಿ ಮಸಿಯ ಕಣಗಳು ಒಂದಕ್ಕೊಂದು ಅಂಟಿ ತಳಕ್ಕೆ ಇಳಿಯದಂತೆ ತೇಲಿಸಿ ಹಿಡಿಯುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಆಯಿಲ್ ಬೇಗ ಕಪ್ಪಾಗುವುದೂ ಅದು ತನ್ನ ಕೆಲಸ ಮಾಡುತ್ತಿದೆ ಎಂಬುದರ ಗುರುತೇ. ಕಾರನ್ನು ಹತ್ತು ನಿಮಿಷ ಓಡಿಸಿ ಬಂದ ಕೂಡಲೇ ಈ ಕಣಗಳೆಲ್ಲ ಆಯಿಲಿನಲ್ಲಿ ಸಮನಾಗಿ ಬೆರೆತಿರುವುದರಿಂದ, ಮೇಲಿನಿಂದ ಎಳೆದರೂ ಕೆಳಗಿನಿಂದ ಹರಿಸಿದರೂ ಹೊರಬರುವುದು ಅದೇ ಆಯಿಲ್. ವರ್ಷಗಟ್ಟಲೆ ಆಯಿಲ್ ಬದಲಾಯಿಸದೆ ಗಟ್ಟಿಯಾಗಿ ಕೂತ ಕೊಳೆಯಾದರೆ, ಅದು ಬೋಲ್ಟ್ ಬಿಚ್ಚಿದರೂ ಹರಿದು ಬರುವುದಿಲ್ಲ; ಚೇಂಬರನ್ನೇ ಇಳಿಸಬೇಕಾಗುತ್ತದೆ. ಲೋಹದ ಚೂರಿನ ವಿಷಯದಲ್ಲಿ ಮಾತ್ರ ರಾಜಾಜಿನಗರದ ಹಿರಿಯರ ಮಾತು ನಿಜ: ಅದು ಭಾರದ ವಸ್ತು, ಸಣ್ಣ ಪೈಪಿಗೆ ಸುಲಭವಾಗಿ ಸಿಗದು.

ಒಳಗೆ ಉಳಿಯುವ ಆಯಿಲಿನ ಲೆಕ್ಕವನ್ನು ನೋಡೋಣ. ತಮ್ಮ ಎಂಜಿನ್ ಸುಮಾರು ಮೂರು ಲೀಟರ್ ಹಿಡಿಯುತ್ತದೆ. ಪಂಪಿನಿಂದ 300 ಮಿಲಿಲೀಟರ್ ಉಳಿಯಿತೆಂದರೂ ಅದು ಹತ್ತರಲ್ಲಿ ಒಂದು ಪಾಲು. ಮುಂದಿನ ಸಲ ಆ ಪಾಲಿನಲ್ಲೂ ಹತ್ತನೇ ಒಂದು ಪಾಲು ಮಾತ್ರ ಉಳಿಯುವುದರಿಂದ, ಎಷ್ಟು ವರ್ಷ ಹೀಗೆ ಮಾಡಿದರೂ ಹಳೆಯ ಆಯಿಲಿನ ಪ್ರಮಾಣ ಹತ್ತನೇ ಒಂದನ್ನು ಮೀರಿ ಬೆಳೆಯುವುದಿಲ್ಲ. ಮನಸ್ಸಿಗೆ ಸಮಾಧಾನವಿಲ್ಲದಿದ್ದರೆ 10,000ದ ಬದಲು 9,000 ಕಿಲೋಮೀಟರಿಗೆ ಬದಲಾಯಿಸಿ. ಎಂಟು ತಿಂಗಳಿಗೆ ಬದಲಾಯಿಸುವ ತಮಗೆ ಅದೂ ಬೇಕಾಗಿಲ್ಲ.

ಇನ್ನು ಪಂಪು. ನಾವು 'ಹೀರುತ್ತದೆ' ಎನ್ನುತ್ತೇವೆಯೇ ಹೊರತು, ವಾಸ್ತವದಲ್ಲಿ ಡಬ್ಬಿಯೊಳಗಿನ ಗಾಳಿ ಕಡಿಮೆಯಾದಾಗ ಹೊರಗಿನ ವಾತಾವರಣದ ಒತ್ತಡ ಆಯಿಲನ್ನು ಪೈಪಿನೊಳಕ್ಕೆ ತಳ್ಳುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಈ ಒತ್ತಡ ಮಂಗಳೂರಿನಲ್ಲಿರುವುದಕ್ಕಿಂತ ಹತ್ತನೇ ಒಂದರಷ್ಟು ಕಡಿಮೆ. ಆದರೆ ಆಯಿಲನ್ನು ಒಂದು ಮೀಟರ್ ಎತ್ತಲು ಇದರ ಹತ್ತನೇ ಒಂದು ಭಾಗವೇ ಸಾಕಾಗುವುದರಿಂದ ಚಿಂತೆಯಿಲ್ಲ. ನಿಜವಾದ ಅಡ್ಡಿ ಪೈಪಿನ ಕಿರಿದುತನ. ಹರಿವು ಪೈಪಿನ ಒಳವ್ಯಾಸದ ನಾಲ್ಕನೇ ಘಾತವನ್ನು ಅವಲಂಬಿಸುತ್ತದೆ: 4 ಮಿಲಿಮೀಟರಿನ ಬದಲು 5 ಮಿಲಿಮೀಟರ್ ಒಳವ್ಯಾಸದ ಪೈಪು ಡಿಪ್‌ಸ್ಟಿಕ್ ಕೊಳವೆಯಲ್ಲಿ ಇಳಿಯುವುದಾದರೆ ಆಯಿಲ್ ಸುಮಾರು ಎರಡೂವರೆ ಪಟ್ಟು ಬೇಗ ಬರುತ್ತದೆ. ಬಿಸಿಯ ಮಹತ್ವವೂ ಇಲ್ಲಿಯೇ. ಸಾಮಾನ್ಯ 5ಡಬ್ಲ್ಯು-30 ದರ್ಜೆಯ ಆಯಿಲಿನ ಸ್ನಿಗ್ಧತೆ (ಹರಿಯಲು ಒಡ್ಡುವ ತಡೆ) 40 ಡಿಗ್ರಿಯಲ್ಲಿ ಸುಮಾರು 60 ಸೆಂಟಿಸ್ಟೋಕ್ ಇದ್ದರೆ, 100 ಡಿಗ್ರಿಯಲ್ಲಿ ಹತ್ತು ಹನ್ನೊಂದಕ್ಕೆ ಇಳಿಯುತ್ತದೆ. ಮುಂಜಾನೆಯ ತಣ್ಣನೆಯ ಎಂಜಿನ್ನಿಗೆ ಪಂಪು ಹಚ್ಚಿದವರು ಮಧ್ಯಾಹ್ನದ ಊಟದ ಹೊತ್ತಿಗೂ ಎಳೆಯುತ್ತಲೇ ಇರಬೇಕಾದೀತು.

ಮಾರುಕಟ್ಟೆಯಲ್ಲಿ ಸಿಗುವ 12 ವೋಲ್ಟಿನ ಅಗ್ಗದ ಪಂಪುಗಳನ್ನು ಸಾಮಾನ್ಯವಾಗಿ 40ರಿಂದ 60 ಡಿಗ್ರಿ ಬಿಸಿಯ ಆಯಿಲಿಗೆಂದು ಮಾಡಿರುತ್ತಾರೆ. ತಣ್ಣಗಿದ್ದರೆ ಮೋಟಾರು ತಿಣುಕಿ ಸುಡುತ್ತದೆ, ಅತಿ ಬಿಸಿಯಿದ್ದರೆ ಒಳಗಿನ ಸೀಲು ಹಾಳಾಗುತ್ತದೆ, ಆಯಿಲ್ ಮುಗಿದ ಮೇಲೂ ಬರಿದೇ ಓಡಿಸಿದರೆ ಗೇರು ಸವೆಯುತ್ತದೆ. ಅದರ ಮೊಸಳೆಬಾಯಿ ಕ್ಲಿಪ್ಪುಗಳನ್ನು ಬ್ಯಾಟರಿಗೆ ಸಿಕ್ಕಿಸುವಾಗ ಕಿಡಿ ಹಾರುವುದುಂಟು. ಇಂತಹ ಪಂಪಿನಿಂದ ಪೆಟ್ರೋಲನ್ನು ಹೀರುವ ಸಾಹಸವನ್ನು ಯಾರೂ ಯಾವ ಕಾರಣಕ್ಕೂ ಮಾಡಬಾರದು. ವರ್ಷಕ್ಕೆ ಒಂದೆರಡು ಸಲದ ಕೆಲಸಕ್ಕೆ ನನ್ನ ಮತ ಕೈಪಂಪಿಗೆ.

ಉತ್ತರ – ಪೀಣ್ಯದಿಂದ

ಹಳೆಯ ಆಯಿಲ್ ಏನು ಮಾಡಬೇಕೆಂಬ ಪ್ರಶ್ನೆಯನ್ನು ಎಲ್ಲರೂ ದಾಟಿಕೊಂಡು ಹೋಗಿದ್ದಾರೆ. ಬಳಸಿದ ಎಂಜಿನ್ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುವ ವಸ್ತು. ಅದನ್ನು ಶುದ್ಧೀಕರಿಸಿ ಮತ್ತೆ ಮೂಲ ಎಣ್ಣೆಯಾಗಿಸುವ ಕಾರ್ಖಾನೆಗಳಿಗೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. 2024ರ ಏಪ್ರಿಲ್ 1ರಿಂದ ಹೊಸ ಆಯಿಲ್ ತಯಾರಿಸುವ ಕಂಪನಿಗಳ ಮೇಲೂ ಹಳೆಯದರ ಮರುಬಳಕೆಯ ಹೊಣೆಯನ್ನು ಹೊರಿಸಲಾಗಿದೆ. ಆದರೆ ಮೂರು ಲೀಟರ್ ಹಿಡಿದುಕೊಂಡು ಹೋದವರನ್ನು ಕಾರ್ಖಾನೆಯವರು ಬಾಗಿಲಲ್ಲಿ ಮಾತನಾಡಿಸುವುದಿಲ್ಲ. ಮನೆಮಂದಿಗೆ ಇರುವ ಸುಲಭ ದಾರಿಯೆಂದರೆ, ಪೀಪಾಯಿಯಲ್ಲಿ ಹಳೆಯ ಆಯಿಲ್ ಕೂಡಿಟ್ಟು ಅನುಮತಿ ಪಡೆದ ಸಂಗ್ರಹಕಾರರಿಗೆ ಕೊಡುವ ಪರಿಚಯದ ಗ್ಯಾರೇಜ್ ಅಥವಾ ಸರ್ವಿಸ್ ಸೆಂಟರಿಗೆ ಮೊದಲೇ ಫೋನ್ ಮಾಡಿ ಕೇಳಿ, ಅಲ್ಲಿಗೆ ಒಯ್ದು ಕೊಡುವುದು.

ಸೆಂಟ್ರಿಂಗ್ ಕೆಲಸದವರು ಹಲಗೆಗೆ ಬಳಿಯಲು ಕೇಳುತ್ತಾರೆ, ಗೆದ್ದಲಿಗೆ ಒಳ್ಳೆಯದೆಂದು ಬಾಗಿಲ ಚೌಕಟ್ಟಿಗೆ ಸವರುವವರೂ ಇದ್ದಾರೆ. ಎರಡೂ ಹಳೆಯ ರೂಢಿಗಳೇ, ಆದರೆ ಆ ಆಯಿಲ್ ಕಡೆಗೆ ಸೇರುವುದು ಮಣ್ಣನ್ನೇ. ಚರಂಡಿಗೆ ಸುರಿದರಂತೂ ಅದು ರಾಜಕಾಲುವೆ ಹಿಡಿದು ನಮ್ಮದೇ ಕೆರೆಗೆ ಹೋಗುತ್ತದೆ. ಹಳೆಯ ಆಯಿಲಿಗೆ ನೀರು, ಪೆಟ್ರೋಲ್, ಬ್ರೇಕ್ ಆಯಿಲ್ ಬೆರೆಸಬೇಡಿ, ಬೆರೆತರೆ ಅದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಫಿಲ್ಟರನ್ನು ಒಂದು ರಾತ್ರಿ ಆಲಿಕೆಯ ಮೇಲೆ ಬೋರಲು ಹಾಕಿ ಬಸಿದು, ಅದನ್ನೂ ಗ್ಯಾರೇಜಿಗೇ ಕೊಡಿ. ಹೊಸ ಆಯಿಲಿನ ಖಾಲಿ ಡಬ್ಬಿಯನ್ನು ಮಾತ್ರ ಇಡಿಯಾಗಿ ಗುಜರಿಗೆ ಹಾಕದೆ, ಚಾಕುವಿನಿಂದ ಸೀಳಿ ಹಾಕಿ. ಇಡಿ ಡಬ್ಬಿಗೆ ಕಲಬೆರಕೆ ಆಯಿಲ್ ತುಂಬಿ ಮಾರುವವರಿಗೆ ನಾವೇಕೆ ನೆರವಾಗಬೇಕು?

ಮೂರು ವಾರಗಳ ನಂತರ – ಬನಶಂಕರಿಯಿಂದ

ಕಳೆದ ಭಾನುವಾರ ಕೆಲಸ ಮುಗಿಸಿದೆ. ಮುಂದೆ ಓದುವವರಿಗಾಗಿ ವಿವರ ಬರೆಯುತ್ತಿದ್ದೇನೆ. ಜೆ.ಸಿ. ರಸ್ತೆಯಲ್ಲಿ ಫಿಲ್ಟರ್ ಮತ್ತು ಬನಿಯನ್ ವೇಸ್ಟ್ ತಂದೆ, ಆಯಿಲನ್ನು ಮಾತ್ರ ಪೆಟ್ರೋಲ್ ಬಂಕಿನಲ್ಲಿ ಸೀಲು ನೋಡಿ ಕೊಂಡೆ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳಿಗೆ ಮೊದಲೇ ತಿಳಿಸಿ, ಕಾರಿನ ಕೆಳಗೆ ಹಳೆಯ ಫ್ಲೆಕ್ಸ್ ಹಾಸಿ, ಅದರ ಮೇಲೆ ರಟ್ಟು ಹರಡಿದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ಮೂರನೇ ಮಹಡಿಯ ಹಿರಿಯರೊಬ್ಬರು ಮಾತ್ರ ಕುರ್ಚಿ ತರಿಸಿಕೊಂಡು ಕೊನೆಯವರೆಗೂ ಕೂತು ನೋಡಿದರು.

ಮೊದಲ ಎಳೆತದಲ್ಲಿ 2.4 ಲೀಟರ್ ಬಂತು. ಹತ್ತು ನಿಮಿಷ ಬಿಟ್ಟು ಪೈಪನ್ನು ತಿರುಗಿಸಿ ಎಳೆದಾಗ ಇನ್ನೂ 250 ಮಿಲಿಲೀಟರ್. ಇಳಿಜಾರು ಮೆಟ್ಟಿಲಿಗೆ ಮುಂದಿನ ಚಕ್ರ ಹತ್ತಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಫಿಲ್ಟರ್ ಬಿಚ್ಚಿದೆ. ಬಿಚ್ಚುವ ಮೊದಲು ಅದಕ್ಕೆ ಪ್ಲಾಸ್ಟಿಕ್ ಚೀಲ ತೊಡಿಸಿದ್ದರಿಂದ ಒಳಗಿದ್ದ ಆಯಿಲ್ ಮೊಣಕೈವರೆಗೆ ಇಳಿಯಲಿಲ್ಲ. ಹಳೆಯ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿ ಉಳಿದಿತ್ತು. ಅದನ್ನು ಗಮನಿಸದೆ ಹೊಸದನ್ನು ಕೂರಿಸಿದ್ದರೆ ಎರಡು ಬಳೆಗಳ ನಡುವಿನಿಂದ ಆಯಿಲ್ ಚಿಮ್ಮುತ್ತಿತ್ತು. ಮೊದಲ ಸಲ ಮಾಡುವವರು ಇದನ್ನು ತಪ್ಪದೆ ನೋಡಬೇಕು. ಹೊಸ ಫಿಲ್ಟರಿನ ಬಳೆಗೆ ಬೆರಳಿನಿಂದ ಆಯಿಲ್ ಸವರಿ, ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿದೆ.

ಕಾರನ್ನು ಸಮತಟ್ಟು ನೆಲಕ್ಕೆ ಇಳಿಸಿ ಮೊದಲು ಎರಡೂವರೆ ಲೀಟರ್ ಹಾಕಿ, ಒಂದು ನಿಮಿಷ ಎಂಜಿನ್ ಓಡಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುತ್ತಾ ಸ್ವಲ್ಪ ಸ್ವಲ್ಪವೇ ಸೇರಿಸಿದೆ. ಒಟ್ಟು 2.8 ಲೀಟರಿಗೆ ಮೇಲಿನ ಗುರುತಿನ ಹತ್ತಿರ ನಿಂತಿತು. ಬೆಳಗ್ಗೆ ಏಳು ಗಂಟೆಗೆ ಶುರುವಾದ ಕೆಲಸ ಹತ್ತೂವರೆಗೆ ಮುಗಿಯಿತು, ವರ್ಕ್‌ಶಾಪಿನಲ್ಲಿ ಇದು ಅರ್ಧ ಗಂಟೆಯ ಮಾತು.

ಹಳೆಯ ಆಯಿಲನ್ನು ಕತ್ರಿಗುಪ್ಪೆಯ ಒಂದು ಗ್ಯಾರೇಜಿನವರು ಪೀಪಾಯಿಗೆ ಸುರಿಸಿಕೊಂಡರು. ಅಲ್ಲಿಯೇ ಚೇಂಬರನ್ನೂ ತೋರಿಸಿದೆ. ಸುರುಳಿ ಕೂರಿಸಿದರೆ ಸಾಕೆಂದು ಹೇಳಿ, ಮುಂದಿನ ಶನಿವಾರ ಕಾರು ಬಿಡಲು ತಿಳಿಸಿದ್ದಾರೆ. ಆ ದುರಸ್ತಿಗೆ ಈಗ ಹಾಕಿರುವ ಹೊಸ ಆಯಿಲನ್ನು ಹೊರತೆಗೆಯಲೇಬೇಕಾದ್ದರಿಂದ, ಅದನ್ನು ಧೂಳು ಸೇರದಂತೆ ಪಂಪಿನ ಡಬ್ಬಿಯಲ್ಲಿ ಹಿಡಿದಿಟ್ಟು ಮತ್ತೆ ಸುರಿಯುವ ಯೋಚನೆ ಇದೆ. ಡಬ್ಬಿಯನ್ನು ಅಷ್ಟು ಸ್ವಚ್ಛವಾಗಿ ತೊಳೆಯುವುದು ಹೇಗೆಂದು ವಿದ್ಯಾರಣ್ಯಪುರದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ – ವಿದ್ಯಾರಣ್ಯಪುರದಿಂದ

ಆ ಡಬ್ಬಿಯನ್ನು ಎಷ್ಟು ತೊಳೆದರೂ ನಂಬಬೇಡಿ. ಹಳೆಯ ಆಯಿಲಿನ ಅಂಶ ಮೂಲೆಗಳಲ್ಲಿ ಉಳಿದೇ ಇರುತ್ತದೆ, ನೀರಿನಿಂದ ತೊಳೆದರೆ ತೇವವೂ ಸೇರುತ್ತದೆ. ಹೊಸ ಪೈಪೊಂದನ್ನು ತಂದು, ಪಂಪಿನ ಡಬ್ಬಿಗೂ ಆ ಪೈಪಿಗೂ ನಡುವೆ ಬಿಗಿ ಮುಚ್ಚಳದ ಒಂದು ಗಟ್ಟಿ ಗಾಜಿನ ಜಾಡಿಯನ್ನು ಜೋಡಿಸಿ, ಮುಚ್ಚಳಕ್ಕೆ ಎರಡು ತೂತು ಕೊರೆದು ಪೈಪುಗಳನ್ನು ಕೂರಿಸಿದರೆ ಆಯಿಲ್ ಜಾಡಿಯಲ್ಲೇ ಉಳಿಯುತ್ತದೆ. ಒಂದೇ ಸಲಕ್ಕೆ ಜೋರಾಗಿ ಗಾಳಿ ಎಳೆಯಬೇಡಿ, ಜಾಡಿಗೆ ದಪ್ಪ ಬಟ್ಟೆ ಸುತ್ತಿರಲಿ. ಇಷ್ಟು ಗೋಜು ಬೇಡವೆನಿಸಿದರೆ ಗ್ಯಾರೇಜಿನವರಿಗೆ ಒಂದು ಹೊಸ ಬೇಸಿನ್ ಒಯ್ದು ಕೊಡಿ. ಬೋಲ್ಟನ್ನು ಹೇಗೂ ಅವರು ಬಿಚ್ಚಲೇಬೇಕಲ್ಲವೇ?